ಚೈನ್ ಇಷ್ಟು ಬೇಗ ಸವೆದದ್ದೇಕೆ

ಸನತ್‌ನಗರ, ಹೈದರಾಬಾದ್
18 ನವೆಂಬರ್ 2004

ಚಿ. ಸೌ. ಶರ್ವರಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಒಂದೇ ಊರಿನಲ್ಲಿದ್ದು ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಮನೆಯ ಫೋನು ನಿನ್ನ ಅಪ್ಪನ ಕುರ್ಚಿಯ ಪಕ್ಕದಲ್ಲೇ ಇದೆ, ಬೂತಿನಲ್ಲಿ ನಿಂತು ಹೇಳುವ ವಿಷಯವೂ ಇದಲ್ಲ. ಬರೆಯಲೋ ಬೇಡವೋ ಎನ್ನುವುದರಲ್ಲೇ ತಡವಾಯಿತು, ಬೇಜಾರಾಗಬೇಡ.

ಕಳೆದ ವಾರ ಅಪ್ಪನ ಮೋಟಾರ್ ಸೈಕಲ್ ಗಾಡಿಗೆ ಹೊಸ ಚೈನ್ ಸೆಟ್ ಹಾಕಿದರು. ಫ್ಯಾಕ್ಟರಿಯಲ್ಲಿ ಅವರ ಜೊತೆಗಿದ್ದ ಎದುರುಮನೆಯ ಜನಾರ್ದನರಾಯರು ಪಾನಾ ಹಿಡಿದು ಬಂದರು. ನನ್ನ ಸ್ವಭಾವ ಗೊತ್ತಲ್ಲ, ಒಲೆ ಆರಿಸಿ ಅಂಗಳದಲ್ಲಿ ಹೋಗಿ ಕೂತೆ. ಸವೆದದ್ದು ಚೈನ್ ತಾನೇ, ಸ್ಪ್ರಾಕೆಟ್ ಅನ್ನುವ ಹಲ್ಲಿನ ಚಕ್ರಗಳೆರಡನ್ನೂ ಯಾಕೆ ಬಿಚ್ಚುತ್ತೀರಿ ಎಂದು ಕೇಳಿದೆ.

"ಹಳೇ ಹಲ್ಲಿಗೆ ಹೊಸಾ ಚೈನ್ ಹಾಕಿದ್ರ ಅದನ್ನೂ ತಿಂದು ಹಾಕ್ತಾವ್ರಿ, ವೈನಿ," ಎಂದು ರಾಯರು ಹಳೆಯ ಚಕ್ರವನ್ನು ನನ್ನ ಕೈಗಿಟ್ಟರು. ಹಲ್ಲುಗಳೆಲ್ಲ ಚೂಪಾಗಿ ಒಂದೇ ಕಡೆ ಬಾಗಿದ್ದವು. ಆಮೇಲೆ ಅಪ್ಪನತ್ತ ತಿರುಗಿದರು. "ಸೆಟ್ ಹಾಕಿ ಎರಡು ವರ್ಷ ಆಗಿಲ್ಲ. ದಿನಾ ಎಲ್ಲಿಗ್ ಹೋಗತೀರಿ?"

"ಕಾಯಿಪಲ್ಲೆ ತರಾಕ. ಮತ್ತೆಲ್ಲಿಗೆ?"

ತರಕಾರಿ ಮಾರುವ ರೈತು ಬಜಾರು ನಮ್ಮ ಮನೆಗೆ ಎಷ್ಟು ಹತ್ತಿರ ಎಂದು ನಿನಗೆ ಗೊತ್ತು. ನನ್ನ ತಲೆಯಲ್ಲಿ ಹುಳ ಬಿಟ್ಟಂತಾಯಿತು. ರಿಟೈರ್ ಆದಮೇಲೆ ಎರಡು ಬದನೆಕಾಯಿ ತರಲು ಹೋದವರು ಕತ್ತಲಾದ ಮೇಲೆಯೇ ಬರುತ್ತಿದ್ದುದು ಆಗ ನೆನಪಾಯಿತು.

ಹೊಸ ಚಕ್ರಗಳನ್ನು ಕೂರಿಸಿ ಚೈನಿನ ಎರಡು ತುದಿಗಳನ್ನು ಕೂಡಿಸಿದರು. ಅವನ್ನು ಹಿಡಿದಿಡುವ ಲಾಕು ನನ್ನ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಅದರ ತೆರೆದ ಬಾಯಿ ಚೈನ್ ಓಡುವ ದಿಕ್ಕಿಗೆ ಹಿಂದುಮಾಡಿ ಇರಬೇಕಂತೆ, ಇಲ್ಲದಿದ್ದರೆ ಏನಾದರೂ ತಾಗಿ ಕಳಚಿಬೀಳುತ್ತದಂತೆ. ಅಪ್ಪ ಅದನ್ನೇ ಉಲ್ಟಾ ಹಾಕಿದರು. ಜನ್ಮವೆಲ್ಲ ಯಂತ್ರಗಳ ನಡುವೆ ಕಳೆದ ಮನುಷ್ಯ! "ಚಿತ್ತ ಎಲ್ಲೈತ್ರಿ?" ಎಂದು ಬೈದು ರಾಯರೇ ಸರಿಮಾಡಿದರು. ಚಿತ್ತ ಕೈಗಡಿಯಾರದ ಮೇಲಿತ್ತು, ನಾನು ನೋಡುತ್ತಲೇ ಇದ್ದೆ.

ಬಿಗಿ ನೋಡಿ ಎಣ್ಣೆ ಬಿಟ್ಟದ್ದೇ ತಡ, "ಒಂದ್ ರೌಂಡ್ ಹೊಡದು ಬರ್ತೀನಿ," ಎಂದು ಅಪ್ಪ ಕಿಕ್ ಹೊಡೆದರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತುಬಿಟ್ಟೆ.

"ನೀ ಎಲ್ಲಿಗೆ?"

"ನೀವು ಹೋದಲ್ಲಿಗ್ರಿ."

ಬೋರಬಂಡ ದಾಟಿದೆವು. ಮಾದಾಪುರದಲ್ಲಿ ಒಂದು ಚಹಾದಂಗಡಿಯ ಮುಂದೆ ಗಾಡಿ ನಿಂತಿತು. ಎದುರಿಗೆ ನೋಡಿದರೆ ನಿನ್ನ ಕಂಪನಿಯ ಬೋರ್ಡು. ಅಂಗಡಿಯವನು ಏನೂ ಕೇಳದೆ ಅಪ್ಪನಿಗೆ ಸಕ್ಕರೆಯಿಲ್ಲದ ಚಹಾ ತಂದುಕೊಟ್ಟ.

ನೀನು ಅಪ್ಪನ ಮಾತು ಮೀರಿ ತರುಣನನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದ ದಿನದಿಂದ, ನಿನ್ನ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುವ ಮನುಷ್ಯ ಇವರು. ಗೇಟನ್ನೇ ನೋಡುತ್ತಾ ಚಹಾ ಕುಡಿಯುವುದನ್ನೂ ಮರೆತು ನಿಂತಿದ್ದರು. ನೀನು ಹೊರಗೆ ಬಂದೆ, ಕಂಪನಿ ಬಸ್ಸಿನ ಕಡೆ ನಡೆದೆ. ನಾನು ಕೂಗಲು ಬಾಯಿ ತೆರೆದೆ. ಅವರು ಎಣ್ಣೆ ಮೆತ್ತಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು.

"ಕರೀಬ್ಯಾಡ, ಗೋದಾವರಿ. ಆಕಿ ನೋಡಿದ್ರ ನಾಳಿಂದ ನಾ ಎಲ್ಲಿ ನಿಂದರಲಿ?"

ನನಗೆ ಸಿಟ್ಟೂ ಬಂತು, ಅಳುವೂ ಬಂತು. ರಸ್ತೆ ದಾಟಿ ನಿನ್ನನ್ನು ಮಾತಾಡಿಸಲಾರದವರು ದಿನಾ ಅಲ್ಲಿಗೆ ಹೋಗಿ ಚೈನ್ ಸವೆಸಿದ್ದಾರೆ, ನೋಡು. ಈ ಕಾಗದದ ವಿಷಯ ಅವರಿಗೆ ತಿಳಿಯದು. ಒಂದು ಸಂಜೆ ನೀನೇ ರಸ್ತೆ ದಾಟು, ತಾಯಿ. ನೀನು ಬೈದರೂ ಪರವಾಗಿಲ್ಲ, ಅವರು ನಿಂತು ಬೈಸಿಕೊಳ್ಳುತ್ತಾರೆ.

ತರುಣನಿಗೂ ನನ್ನ ಆಶೀರ್ವಾದ ಹೇಳು. ಹೊತ್ತು ಹೊತ್ತಿಗೆ ಹೊಟ್ಟೆ ತುಂಬ ಉಣ್ಣು. ಇಬ್ಬರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಮ್ಮ,
ಗೋದಾವರಿ

ತಾ.ಕ.: ತಿರುಗಿ ಬರುವಾಗ ಅಪ್ಪ ಅಂದರು, "ಬಸರಾಗ್ಯಾಳ. ಐದು ತಿಂಗಳಾಗಿರಬೇಕು. ಈಗೀಗ ಭಾಳ ಸಾವಕಾಶ ನಡೀತಾಳ." ನನಗೆ ನಿನ್ನ ಮುಖ ಬಿಟ್ಟು ಬೇರೇನೂ ಕಂಡಿರಲಿಲ್ಲ. ನಾನು ವಾರವಾರ ಬೂತಿನಿಂದ ಫೋನು ಮಾಡಿದರೆ ಸಾರಿನಪುಡಿಯ ಅಳತೆ ಕೇಳುತ್ತೀ. ಮಾತು ಬಿಟ್ಟ ಅಪ್ಪನಿಗೆ ರಸ್ತೆಯ ಆಚೆಯಿಂದ ತಿಳಿದದ್ದನ್ನು, ಮಾತಾಡುವ ಅಮ್ಮನಿಗೆ ನೀನು ಯಾಕೆ ಹೇಳಲಿಲ್ಲ, ಶರ್ವರಿ?