ಹೆಬ್ಬೆರಳಿನ ಪಟ್ಟಿ

ದಾರಿವೈದ್ಯರ ಶಾಲೆ, ತುಂಗಭದ್ರೆಯ ಎಡದಂಡೆ
ಬಿಲ್ಲೆಗಳು ಮಾತು ನಿಲ್ಲಿಸಿದ ಮೂರನೇ ವರ್ಷ, ನಿಮ್ಮ ಲೆಕ್ಕದಲ್ಲಿ ೨೧೮೭ರ ಮಾಘಮಾಸ

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ಹುಲಿಗೆವ್ವನ ನಮಸ್ಕಾರ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಬಂದರೆ ಬೇಸರಿಸಬೇಡಿ. ನೀವು ಪ್ಯಾರಾಮೆಡಿಕ್ ಅನ್ನುವವರನ್ನು ನಾವು ದಾರಿವೈದ್ಯರು ಅನ್ನುತ್ತೇವೆ. ನಾನು ಆ ಕೆಲಸವನ್ನೇ ಕಲಿಯುತ್ತಿದ್ದೇನೆ.

ನಮ್ಮಲ್ಲಿ ಮಗುವಿಗೆ ಹೆಸರಿಡುವ ದಿನವೇ ಎದೆಯ ಚರ್ಮದಡಿ ಅವರೆಕಾಳಿನಷ್ಟು ದೊಡ್ಡ ನಾಡಿಬಿಲ್ಲೆ ಕೂರಿಸುತ್ತಿದ್ದರು. ನಾಡಿ, ಉಸಿರು, ರಕ್ತದೊತ್ತಡ ಎಲ್ಲವನ್ನೂ ದೂರದಲ್ಲಿರುವ ಮನೆಯವರಿಗೂ ಅದೇ ಹೇಳುತ್ತಿತ್ತು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಹೊಲದಲ್ಲಿದ್ದ ಅಪ್ಪನ ನಾಡಿ ಕೇಳಿಸಿಕೊಳ್ಳುತ್ತಿದ್ದಳು. ಅದು ಜೋರಾದರೆ, ಮತ್ತೆ ಯಾರ ಜೊತೆಗೋ ಜಗಳಕ್ಕೆ ನಿಂತಿದ್ದಾನೆ ಎಂದು ಒಲೆಗೆ ಹೇಳಿ ಬೈಯುತ್ತಿದ್ದಳು. ಹೀಗಿರುವಾಗ ಇನ್ನೊಬ್ಬರ ಮಣಿಕಟ್ಟು ಮುಟ್ಟಿ ನೋಡುವ ಅಗತ್ಯ ಯಾರಿಗಿತ್ತು? ಶಾಲೆಯೂ ಆ ಪಾಠವನ್ನು ಕೈಬಿಟ್ಟಿತು. ತಲೆಮಾರುಗಳು ಕಳೆದವು, ಕಲಿಸುವವರೂ ಉಳಿಯಲಿಲ್ಲ.

ಆಮೇಲೆ ಒಂದು ದಿನ ಸೂರ್ಯನ ಮೇಲೆ ಬಿರುಗಾಳಿ ಎದ್ದಿತು, ಅದರ ಹೊಡೆತಕ್ಕೆ ಬಿಲ್ಲೆಗಳೆಲ್ಲ ಕೆಟ್ಟವು. ಅದೇ ವಾರ ಕಾಲುವೆ ರಸ್ತೆಯಲ್ಲಿ ಬಂಡಿಯೊಂದು ಮಗುಚಿತು. ನನ್ನ ತಂಗಿ ನೀಲವ್ವ ಮತ್ತು ಒಬ್ಬ ಮುದುಕ ಎಚ್ಚರವಿಲ್ಲದೆ ಬಿದ್ದಿದ್ದರು. ಬಂದ ಆಂಬುಲೆನ್ಸ್‌ನಲ್ಲಿ ಇದ್ದದ್ದು ಒಂದೇ ಹಾಸಿಗೆ. ಜೊತೆಗೆ ಬಂದವನು ಅಮರೇಶ, ಇದೇ ಶಾಲೆಯ ವಿದ್ಯಾರ್ಥಿ. ನಾಡಿ ಮಣಿಕಟ್ಟಿನಲ್ಲಿ ಇರುತ್ತದೆ ಎಂದಷ್ಟೇ ಅವನು ಕೇಳಿದ್ದ. ಹೆಬ್ಬೆರಳು ಒತ್ತಿ ನೋಡಿದ, ಇಬ್ಬರಲ್ಲೂ ಬಡಿತ ಸಿಕ್ಕಿತು. ಮುದುಕನಿಗೆ ಪೆಟ್ಟು ಹೆಚ್ಚಾಗಿತ್ತು, ಅದಕ್ಕೆ ಅವನನ್ನೇ ಮೊದಲು ಒಯ್ದ. ತಿರುಗಿ ಬರುವಷ್ಟರಲ್ಲಿ ನೀಲವ್ವ ಹೋಗಿಬಿಟ್ಟಿದ್ದಳು. ಮುದುಕ ಬಂಡಿ ಮಗುಚಿದಾಗಲೇ ತೀರಿಕೊಂಡಿದ್ದ ಎಂದು ಆಸ್ಪತ್ರೆಯವರು ಹೇಳಿದರು. ಹಾಗಾದರೆ ಮುದುಕನ ಕೈಯಲ್ಲಿ ಸಿಕ್ಕ ಬಡಿತ ಯಾರದು ಎಂಬುದು ಯಾರಿಗೂ ಹೊಳೆಯಲಿಲ್ಲ.

ಶಾಲೆಯ ಉಗ್ರಾಣದಲ್ಲಿ ನಿಮ್ಮ ಕಾಲದ ಪ್ಲಾಸ್ಟಿಕ್ ಗೊಂಬೆಯೊಂದಿತ್ತು, ಎದೆ ಒತ್ತುವುದನ್ನು ಕಲಿಯಲು ನೀವು ಬಳಸುತ್ತಿದ್ದದ್ದು. ಕೆಲವು ದಿನಗಳ ಮೇಲೆ ಅಮರೇಶ ಅಭ್ಯಾಸಕ್ಕೆಂದು ಅದರ ಕೈ ಹಿಡಿದ. "ಗೊಂಬಿಗೂ ನಾಡಿ ಐತ್ರಿ ಸರ," ಅಂದ. ಮಾತು ಬಾಯಲ್ಲಿರುವಾಗಲೇ ತನ್ನ ಹೆಬ್ಬೆರಳು ನೋಡಿಕೊಂಡು ಅದನ್ನು ಗೋಡೆಗೂ ಒತ್ತಿದನಂತೆ, ಅಲ್ಲೂ ಬಡಿಯಿತು. ಹೆಬ್ಬೆರಳಿಗೆ ತನ್ನದೇ ಜೋರಾದ ಬಡಿತವಿದೆ, ಪಕ್ಕದ ಎರಡು ಬೆರಳಿಗೆ ಅಷ್ಟಿಲ್ಲ. ಸತ್ತವನ ಕೈಯಲ್ಲಿ ಅವನು ಕೇಳಿದ್ದು ತನ್ನ ಜೀವವನ್ನೇ.

ಅಂದಿನಿಂದ ಇಲ್ಲಿ ಸೇರಿದವರ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಹಳೆಯ ಸೀರೆಯ ಪಟ್ಟಿಯಿಂದ ಕಟ್ಟುತ್ತಾರೆ. ನಾಡಿ ನೋಡುವಾಗ ಹೆಬ್ಬೆರಳು ಮರೆತುಹೋಗುವ ತನಕ ಪಟ್ಟಿ ಬಿಚ್ಚುವಂತಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಜಾರುತ್ತದೆ, ಪಲ್ಯ ಮಡಿಲಿಗೆ ಬೀಳುತ್ತದೆ, ಒಬ್ಬರನ್ನೊಬ್ಬರು ನೋಡಿ ನಗುತ್ತೇವೆ. ನನ್ನ ಪಟ್ಟಿ ನೀಲವ್ವನ ಸೀರೆಯದು. ಅದನ್ನು ಕಟ್ಟಿದವನು ಅಮರೇಶ, ಈಗ ಅವನೇ ಇಲ್ಲಿ ಕಲಿಸುತ್ತಾನೆ. ಸೀರೆ ಯಾರದೆಂದು ಅವನು ಕೇಳಲಿಲ್ಲ, ಗೊತ್ತಿತ್ತು. ಅವನ ಹೆಬ್ಬೆರಳು ಇಂದಿಗೂ ಕಟ್ಟಿಯೇ ಇದೆ.

ಮೊದಲ ಪಾಠಕ್ಕೆ, "ಕೈ ಕೊಡ್ರಿ ಯಕ್ಕಾ," ಅಂದ. ಎರಡು ಬೆರಳಿಟ್ಟು ಬಹಳ ಹೊತ್ತು ಕಾದ. ಕೊನೆಗೆ, "ಐತಿ. ಇದು ನಿಮ್ಮದ ಐತಿ," ಅಂದ. ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಕೈ ಹಿಂದೆ ತೆಗೆದುಕೊಳ್ಳಲಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಇದು ನಿಮಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ಮಾತಲ್ಲವೇ ಎಂದುಕೊಂಡು ಮಕ್ಕಳಿಗೆ ಹೇಳುವುದನ್ನು ಬಿಟ್ಟಿರಿ. ಈಗ ಒಂದೇ ಕೇಳಿಕೆ. ನಿಮ್ಮ ಮಕ್ಕಳ ಕೈ ಹಿಡಿದು ಎರಡು ಬೆರಳು ಎಲ್ಲಿಡಬೇಕೆಂದು ತೋರಿಸಿ. ಹೆಬ್ಬೆರಳು ಬೇಡ ಎನ್ನಿ. ಅವರು ತಮ್ಮ ಮಕ್ಕಳಿಗೆ ತೋರಿಸಲಿ, ಆ ಮಕ್ಕಳು ಮುಂದಿನವರಿಗೆ. ಕೈಯಿಂದ ಕೈಗೆ ಬರುತ್ತಾ ಅದು ಕಾಲುವೆ ರಸ್ತೆಯ ತನಕ ಬರಲಿ. ಅಮರೇಶ ನೀಲವ್ವನ ಕೈ ಹಿಡಿಯುವ ಮೊದಲು ಅವನಿಗೆ ಗೊತ್ತಿರಲಿ.