ಹಾಕದ ಸಹಿ

ಪ್ರೀತಿಯ ಅಕ್ಕಾ,

ನಿಮ್ಮ ಹೊಲಿಗೆ ಕಾರ್ಖಾನೆಯ ಲಿಫ್ಟಿನ ಉಕ್ಕಿನ ಹಗ್ಗ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತಿದೆ. ಸುಸ್ಥಿತಿಯಲ್ಲಿದೆ ಎಂದು ಸಹಿ ಹಾಕಲು ನಾನು ಒಪ್ಪಲಿಲ್ಲ.

"ನಿನ್ನ ಸಹಿಗೂ ಬೆಲೆ ಬಂತೇನೋ?" ಎಂದು ನಮ್ಮ ಲಿಫ್ಟ್ ರಿಪೇರಿ ಕಂಪನಿಯ ಮ್ಯಾನೇಜರ್ ನಕ್ಕರು.

"ಇವತ್ತಿಂದ ಬಂತು ಸಾರ್" ಎಂದೆ. ಹನ್ನೊಂದು ವರ್ಷ, ನಾನ್ಯಾವ ಲೆಕ್ಕ ಎಂದುಕೊಂಡು ತೋರಿಸಿದಲ್ಲೆಲ್ಲ ಸಹಿ ಹಾಕಿದವನು ನಾನು.

ಕೆಲಸ ಹೋಯಿತು. ಬೇಸರವಿಲ್ಲ. ಆದರೆ ಇಂದು ಅಲ್ಲೇ ಬಿಟ್ಟಿದ್ದ ನನ್ನ ಸಾಮಾನಿನ ಚೀಲ ತರಲು ನಿಮ್ಮ ಕಾರ್ಖಾನೆಗೆ ಹೋದಾಗ, ಲಿಫ್ಟಿನೊಳಗೆ ಹೊಸ ಪ್ರಮಾಣಪತ್ರ ಅಂಟಿಸಿದ್ದರು. ಕೆಳಗೆ ನನ್ನ ಹೆಸರಿನ ಸಹಿ ಇತ್ತು, ನಾನು ಹಾಕಿದ್ದಲ್ಲ. ಸರ್ಕಾರಿ ತಪಾಸಣೆ ಕಚೇರಿಗೆ ದೂರು ಕೊಟ್ಟಿದ್ದೇನೆ, ಬರುವ ವಾರ ಬಂದು ನೋಡುತ್ತಾರಂತೆ.

ನಿನ್ನ ಮೊಣಕಾಲು ನೋವು ಗೊತ್ತು, ಆದರೂ ಆರು ಮಹಡಿ ಮೆಟ್ಟಿಲಲ್ಲೇ ಹತ್ತು. ಜೊತೆಯವರಿಗೂ ಹೇಳು. ಯಾರೂ ಕೇಳದಿದ್ದರೆ, ಬೆಳಗಿನ ಗಂಟೆ ಹೊಡೆದು ಎಲ್ಲರೂ ಒಟ್ಟಿಗೆ ಒಳಗೆ ನುಗ್ಗುವ ಮೊದಲು ನೀನೇ ಲಿಫ್ಟಿನ ಬಾಗಿಲಿಗೆ ಅಡ್ಡ ನಿಲ್ಲು.

ನಿನ್ನ ತಮ್ಮ