ಚಂದ್ರು ಗ್ಯಾಪ್

ಆಗಸ್ಟ್ 4, ಭಾನುವಾರ

ಮತ್ತೆ ಅಲ್ಲೇ ಮುಗ್ಗರಿಸಿದೆವು. ಬೆಳಗ್ಗೆಯಿಂದ ಒಂದೇ ಹಾಡು, ಒಂದೇ ಜಾಗ. ನಮ್ಮ ಬ್ಯಾಂಡಿನ ಪ್ರಾಕ್ಟೀಸ್ ನಡೆಯುವ ಗೋಡೌನಿನಲ್ಲಿ ಈ ವಾರ ತೆಂಗಿನಕಾಯಿ ಮೂಟೆ ಕಡಿಮೆ. ಗೋಡೌನು ಪ್ರಸನ್ನನ ಅಪ್ಪನದು, ಲೋಡ್ ಕಳಿಸಿದ್ದಾರೆ. ಮೂಟೆ ತುಂಬಿದ್ದಾಗ ಸದ್ದನ್ನು ಅವು ಕುಡಿದುಬಿಡುತ್ತವೆ. ಈಗ ಖಾಲಿ ಗೋಡೆಗೆ ಬಡಿದು ನಮ್ಮ ತಪ್ಪೆಲ್ಲ ಎರಡೆರಡು ಸಲ ಕೇಳಿಸಿತು.

ಹೊಸ ಹುಡುಗಿ ಸುಮನಾ. ಬಸ್ ಕಂಡಕ್ಟರ್, ಕಡೂರು–ತರೀಕೆರೆ ರೂಟು. ಹಿಂದಿನ ಸೀಟಿಗೆ ಕೇಳುವ ಹಾಗೆ ಕೂಗಿ ಕೂಗಿ ಪಳಗಿದ ಗಂಟಲು. ಚಂದ್ರು ಹೋದ ಮೇಲೆ ಎಷ್ಟು ಜನ ಬಂದು ಹಾಡಿ ತೋರಿಸಿದರು! ಎಲ್ಲರೂ ಅವನ ಹಾಗೆ ಹಾಡಲು ನೋಡಿದವರೇ. ಇವಳೊಬ್ಬಳೇ ತನ್ನ ಹಾಗೆ ಹಾಡಿದ್ದು. ಅದಕ್ಕೇ ಹಿಡಿಸಿತು.

‘ಹೋರಿ’ ಹಾಡು. "ಕೊಂಬು ತೂಗಿ ಬಾರೋ ಹೋರಿ, ಬೇಲಿ ಹಾಕಿದೋರ್ ಯಾರು ಕೇಳು" — ಇಲ್ಲಿಯವರೆಗೆ ಸರಿ. ಅವಳು ನೇರ ಮೂರನೇ ಸಾಲಿಗೆ ನುಗ್ಗಿದಳು. ಹಾಲೇಶ ಡ್ರಮ್ಸ್ ನಿಲ್ಲಿಸಿಬಿಟ್ಟ. ಪ್ರಸನ್ನನ ಗಿಟಾರೂ ನಿಂತಿತು. ಪಾಪ, ಅವಳೊಬ್ಬಳೇ ಬಯಲಲ್ಲಿ ನಿಂತು ಕೂಗಿದ ಹಾಗಾಯಿತು.

"ಯಾಕ್ರೀ ನಿಲ್ಸಿದ್ದು?"

"ಅಲ್ಲಿ ಗ್ಯಾಪ್ ಐತಲ್ಲಮ್ಮಾ," ಅಂದ ಹಾಲೇಶ. "ಎಂಟು ಬೀಟು ಬಿಡ್ಬೇಕು."

"ಯಾತಕ್ಕೆ?"

ಹಾಲೇಶ ನನ್ನ ಕಡೆ ನೋಡಿದ. ನಾನು ಬಾಸ್ ಗಿಟಾರಿನ ತಂತಿ ಬಿಗಿಯತೊಡಗಿದೆ.

"ಹತ್ತೋರಿಲ್ಲ, ಇಳಿಯೋರಿಲ್ಲ. ಸ್ಟಾಪೂ ಅಲ್ಲ. ಸುಮ್‌ಸುಮ್ನೆ ಬ್ರೇಕ್ ಹಾಕಿದ್ರೆ ಜನ ಬೈಯಲ್ವಾ?"

ನಕ್ಕುಬಿಟ್ಟೆ. ನಗಬಾರದಿತ್ತು. ಹಾಲೇಶ ಕಡ್ಡಿ ಎಸೆದು ಎದ್ದು ಹೋದ.

ಆಗಸ್ಟ್ 6, ಮಂಗಳವಾರ, ಅಂಗಡಿಯಲ್ಲಿ

ಗಿರಾಕಿ ಇಲ್ಲ. ಒಂದು ಮಿಕ್ಸಿ, ಎರಡು ರಿಮೋಟು. ಬೋರ್ಡಿನ ಮೇಲೆ ರೇಡಿಯೋ ರಿಪೇರಿ ಅಂತಿದೆ. ರೇಡಿಯೋ ಕಂಡು ಯಾವ ಕಾಲವಾಯಿತೋ.

ಮೊದಲೆಲ್ಲ ಯಗಟಿಗೆ, ತಂಗಿ ವನಜಾಕ್ಷಿಗೆ, ಪುಟಗಟ್ಟಲೆ ಕಾಗದ ಬರೆಯುತ್ತಿದ್ದೆ. ಫೋನ್ ಬಂದು ಅದು ನಿಂತಿತು. ಫೋನಿನಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಯಾರಿಗೂ ಅಲ್ಲ.

ಸುಮನಾಗೆ ಇವತ್ತು ನಿಜ ಹೇಳಿದೆ. ಬಸ್ಸಿನ ಟೈಮಿಗೆ ಸ್ಟ್ಯಾಂಡಿಗೆ ಹೋಗಿ, ಟೀ ಕುಡಿಸಿ. ಬ್ಯಾಂಡಿನವರನ್ನು ಬಿಟ್ಟರೆ ಹೊರಗಿನವರಿಗೆ ಇದನ್ನು ಹೇಳಿದ್ದು ಇದೇ ಮೊದಲು.

ಚಂದ್ರು ನನ್ನ ತಂಗಿಯ ಮಗ. ಚಿಕ್ಕಂದಿನಿಂದ ಉಬ್ಬಸ. ಎರಡು ಸಾಲು ಎದೆ ಬಿಚ್ಚಿ ಹಾಡಿದರೆ ಮೂರನೆಯದಕ್ಕೆ ಉಸಿರಿರುತ್ತಿರಲಿಲ್ಲ. ಅದಕ್ಕೇ ಪ್ರತಿ ಹಾಡಿನಲ್ಲೂ ಅಲ್ಲೊಂದು ಜಾಗ ಬಿಟ್ಟೆವು. ಎಲ್ಲ ವಾದ್ಯವೂ ನಿಲ್ಲಬೇಕು. ಅವನು ಜನಕ್ಕೆ ಬೆನ್ನು ಮಾಡಿ, ಮುಷ್ಟಿ ಬಾಯಿಗಿಟ್ಟು, ಒಳಗೆ ಬಚ್ಚಿಟ್ಟ ಉಬ್ಬಸದ ಪಂಪಿನಿಂದ ಒಂದು ಪಫ್ ಎಳೆದುಕೊಂಡು, ಗಿರ್ರನೆ ತಿರುಗಿ ಮೂರನೇ ಸಾಲು ಹಿಡಿಯುತ್ತಿದ್ದ. ಉಬ್ಬಸದವನು ಅಂತ ಗೊತ್ತಾದರೆ ಯಾರು ಕರೆಯುತ್ತಾರೆ ಮಾವ, ಅನ್ನುತ್ತಿದ್ದ. ಜನ ಅದನ್ನೇ ಸ್ಟೈಲು ಅಂದುಕೊಂಡರು. ಚಂದ್ರು ಗ್ಯಾಪ್ ಅಂತ ಹೆಸರಿಟ್ಟರು. ಕಡೂರಿನ ಹುಡುಗರೆಲ್ಲ ರೀಲ್ಸಿನಲ್ಲಿ ಬೆನ್ನು ತಿರುಗಿಸಿದ್ದೇ, ಮುಷ್ಟಿ ಬಾಯಿಗಿಟ್ಟಿದ್ದೇ!

ಜನವರಿಯಲ್ಲಿ ಒಂದು ದಿನ ಪಫ್ಫಿಗೂ ಬಗ್ಗಲಿಲ್ಲ ಆ ಉಬ್ಬಸ.

ಸುಮನಾ ಟೀ ಲೋಟ ಕೆಳಗಿಟ್ಟಳು. ಆಮೇಲೆ ಅಂದಳು: "ಕೇಳಿ ಸಂಕಟ ಆಯ್ತು ಅಂಕಲ್. ಆದ್ರೆ ನಂಗೆ ಉಬ್ಬಸ ಇಲ್ವಲ್ಲ."

ನಾನು ಅಂಗಡಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತು. ಸೀಟಿ ಊದಿದ್ದು ಇಲ್ಲಿಯವರೆಗೂ ಕೇಳಿತು. ಎಂಥ ಉಸಿರು!

ಸೆಪ್ಟೆಂಬರ್ 15, ಭಾನುವಾರ

ನಿನ್ನೆ ತರೀಕೆರೆ. ಗಣಪತಿ ಪೆಂಡಾಲು. ಚಂದ್ರು ಹೋದ ಮೇಲೆ ಮೊದಲನೇ ಪ್ರೋಗ್ರಾಂ. ಕೋಪ ಇನ್ನೂ ಇಳಿದಿಲ್ಲ.

ಸ್ಟೇಜಿನ ನಟ್ಟನಡುವೆ ಅವನ ಫ್ಲೆಕ್ಸು. ಆಳೆತ್ತರ. ಹಾರ. ಮುಂದೆ ಒಂದು ಮೈಕ್ ಸ್ಟ್ಯಾಂಡು, ಅದಕ್ಕೂ ಚೆಂಡುಹೂವಿನ ಹಾರ, ಮೇಲೆ ನೀರು ಬೇರೆ ಚಿಮುಕಿಸಿದ್ದಾರೆ! ಆ ಮೈಕು ಆನ್ ಆಗಿತ್ತು. ಕುಯ್ಯೋ ಅಂತ ಒಂದೇ ಸಮ. ನಾನು ಓಡಿ ವೈರ್ ಕಿತ್ತೆ. ಕಮಿಟಿಯ ಓಂಕಾರಮೂರ್ತಿಗಳು ಮುಖ ಕೆಂಪಗೆ ಮಾಡಿಕೊಂಡರು.

"ಚಂದ್ರುಗೆ ಅಂತ ಇಟ್ಟಿದ್ದು ಕಣ್ರೀ ಅದು."

"ಅವನಿಗೆ ಮೈಕ್ ಇಟ್ರಿ, ಹಾಡೋ ಹುಡುಗಿಗೆ ಎಲ್ಲಿ ಸ್ವಾಮಿ?"

"ಪಕ್ಕಕ್ಕೆ ನಿಂತ್ಕಳ್ಲಿ ಬಿಡಿ."

ಪಕ್ಕಕ್ಕೆ ನಿಂತಳು. ಫ್ಲೆಕ್ಸಿನ ಮೊಣಕೈ ಹತ್ತಿರ. ಮೌನಾಚರಣೆ ಆಯಿತು. ಒಬ್ಬರ ಭಾಷಣ ಆಯಿತು. ಇನ್ನೊಬ್ಬರು ತಡವಾಗಿ ಬಂದರು — ಮತ್ತೊಮ್ಮೆ ಮೌನಾಚರಣೆ. ನಾವು ರಾಕ್ ಬ್ಯಾಂಡೋ, ತಿಥಿಗೆ ಬಂದವರೋ? ಜನ ಅಳಬೇಕು ಅಂತ ಕರೆಸಿದ್ದಾರೆ. ಕುಣಿಯಲಿ ಅಂತ ಹಾಡು ಮಾಡಿದ್ದವನು ಅವನು.

ಹಾಡು ಶುರು. ಆ ಜಾಗ ಬಂತು. ಹಾಲೇಶ ನಿಲ್ಲಿಸಿದ, ನಾವೂ ನಿಲ್ಲಿಸಿದೆವು — ಹಾಗಂತಲೇ ಒಪ್ಪಂದವಾಗಿತ್ತು, ಇದೊಂದು ಸಲ ಅಂತ. ಜನ "ಚಂದ್ರೂ, ಚಂದ್ರೂ" ಅಂತ ಕೂಗಿದರು. ಸುಮನಾ ಕೈಕಟ್ಟಿ ನಿಂತಳು. ಮುಂದಿನ ಸಾಲಿನಿಂದ ಒಬ್ಬ: "ಏಯ್, ತಿರುಗಮ್ಮಾ ಆ ಕಡೆ! ಮುಷ್ಟಿ ಇಡು!"

ತಿರುಗಲಿಲ್ಲ. ಶಿಳ್ಳೆ, ಕೂಗು. ಎಲ್ಲ ಹಾಡಿಗೂ ಇದೇ ಆಯಿತು.

ವ್ಯಾನಿನಲ್ಲಿ ಅಂದಳು: "ಇನ್ನೊಂದ್ಸಲ ಆ ಗ್ಯಾಪ್ ಇಟ್ರೆ ನಾನ್ ಬರಲ್ಲ."

ಹಾಲೇಶ ಮುಂದಿನ ಸೀಟಿನಿಂದ: "ತೆಗುದ್ರೆ ನಾನ್ ಬರಲ್ಲ."

ಪ್ರಸನ್ನ ಕಿವಿಗೆ ಇಯರ್‌ಫೋನ್ ಹಾಕಿಕೊಂಡ. ಅವನದು ಯಾವಾಗಲೂ ಹಾಗೇ.

ಅಕ್ಟೋಬರ್ 3, ಗುರುವಾರ

ಪ್ರಾಕ್ಟೀಸ್ ಇಲ್ಲ. ಹೋದ ವಾರವೂ ಇರಲಿಲ್ಲ.

ಅಜ್ಜಂಪುರದಿಂದ ಕರೆ ಬಂದಿದೆ. ರಾಜ್ಯೋತ್ಸವ, ನವೆಂಬರ್ ಕೊನೆಗೆ. ಹಾಡು ಚೆನ್ನಾಗಿದ್ದರೆ ಸಾಕು, ಭಾಷಣ ಇಲ್ಲ, ಫ್ಲೆಕ್ಸ್ ಇಲ್ಲ ಅಂದಿದ್ದಾರೆ. ಕಿವಿಯೇ ನಂಬಲಿಲ್ಲ. ಇದನ್ನು ಕಳೆದುಕೊಂಡರೆ ಮುಗಿಯಿತು. ಇನ್ನು ವರ್ಷಾಬ್ದಿಕಕ್ಕೆ ಮಾತ್ರ ಕರೆಯುತ್ತಾರೆ. ಆಮೇಲೆ ಅದಕ್ಕೂ ಇಲ್ಲ.

ಹಾಲೇಶನಿಗೆ ಫೋನ್ ಮಾಡಿದೆ. ಅವನು ಓಡಿಸುವ ಜೆಸಿಬಿಯ ಸದ್ದು. "ಆಮೇಲ್ ಮಾಡ್ತೀನಿ ಮಾವ," ಅಂದ, ಚಂದ್ರು ಕರೆಯುತ್ತಿದ್ದ ಹಾಗೇ. ಮಾಡಲಿಲ್ಲ. ಸುಮನಾಗೆ ಮಾಡಿದೆ. "ಡ್ಯೂಟಿಲಿದೀನಿ ಅಂಕಲ್."

ಚಂದ್ರು, ನಿನ್ನ ಬ್ಯಾಂಡ್ ನೋಡಪ್ಪಾ. ನಾಲ್ಕು ಜನ, ನಾಲ್ಕು ದಿಕ್ಕು. ನಾನು ಆಂಪ್ಲಿಫೈಯರ್ ರಿಪೇರಿ ಮಾಡಲು ಬಂದವನು. ಬಾಸ್ ನುಡಿಸುತ್ತಿದ್ದವನು ಮದುವೆಯಾಗಿ ಹೋದ, ನೀನು ‘ನಾಲ್ಕೇ ತಂತಿ ಮಾವ, ನಿಂಗ್ ಬರುತ್ತೆ’ ಅಂತ ನನ್ನ ಕೈಗೆ ಕೊಟ್ಟುಬಿಟ್ಟೆ. ಈ ವಯಸ್ಸಿನಲ್ಲಿ ಮೊಬೈಲ್ ನೋಡಿಕೊಂಡು ಕಲಿತೆ. ಬೆರಳು ಗಟ್ಟಿಯಾಯಿತು. ಈಗ ಅದನ್ನು ಯಾವ ಮೂಲೆಗೆ ಒರಗಿಸಿಡಲಿ?

ಅಕ್ಟೋಬರ್ 20, ಭಾನುವಾರ

ಹಾಲೇಶನನ್ನು ಹುಡುಕಿಕೊಂಡು ಎಮ್ಮೆದೊಡ್ಡಿ ಕಡೆ ಹೋದೆ. ಕಾಲುವೆ ಕೆಲಸದಲ್ಲಿದ್ದ. ಜೆಸಿಬಿ ಆಫ್ ಮಾಡಿಸಿ ಬೈದೆ. ಬಾಯಿಗೆ ಬಂದದ್ದೆಲ್ಲ. ಬ್ಯಾಂಡೇನು ನಿಮ್ಮಪ್ಪನ ಮನೆ ಗಾಡಿಯಾ, ನೀನು ನಿಲ್ಲಿಸಿದ ಕಡೆ ನಿಲ್ಲೋಕೆ ಅಂದೆ.

ಅವನು ಜೆಸಿಬಿಯ ಬಕೆಟ್ ಮೇಲೆ ಕುಳಿತು ಮಣ್ಣು ಕೆರೆಯುತ್ತಿದ್ದ.

"ನಿಮ್ಗೆಲ್ಲ ಅವ್ನ ಬೆನ್ನು ಕಾಣ್ತಿತ್ತು ಮಾವ. ಇಲ್ಲಾ ಪಕ್ಕ ಕಾಣ್ತಿತ್ತು. ತಿರುಗ್ದಾಗ ಅವ್ನು ತಿರುಗ್ತಿದ್ದಿದ್ದು ನನ್ ಕಡೆ. ಆ ಎಂಟು ಬೀಟು ಅವ್ನ ಮುಖ ನಂಗೊಬ್ಬಂಗೇ. ಪಫ್ ಎಳ್ಕಂಡು ಕಣ್ ಹೊಡೆಯೋನು. ‘ಬಂತು ಕಣಲೇ ಉಸ್ರು’ ಅನ್ನೋ ಹಂಗೆ. ಅದ್ನೂ ಮುಚ್ಚಿಬಿಡು ಅಂತೀಯಾ?"

ಅವನ ಬುತ್ತಿಯಲ್ಲಿ ಅರ್ಧ ಮುದ್ದೆ ತಿಂದು ಬಂದೆ.

ಸಿಟ್ಟು ಹೋಗಲಿಲ್ಲ. ಯಾರ ಮೇಲೆ ಅಂತ ಮಾತ್ರ ಗೊತ್ತಾಗುತ್ತಿಲ್ಲ.

ನವೆಂಬರ್ 10, ಭಾನುವಾರ

ಇವತ್ತು ವನಜಾಕ್ಷಿ ಬಂದಳು. ಕರೆದಿರಲಿಲ್ಲ. ಯಗಟಿ ಬಸ್ಸು ಇಳಿದು ನೇರ ಗೋಡೌನಿಗೆ. ಕೈಯಲ್ಲಿ ಅವರೆಕಾಯಿ ಚೀಲ. ಪ್ರಾಕ್ಟೀಸಿಗೆ ಅವಳು ಬಂದದ್ದು ಇದೇ ಮೊದಲು. ಮಗ ಇದ್ದಾಗಲೂ ಒಂದು ಪ್ರೋಗ್ರಾಮಿಗೂ ಬಂದವಳಲ್ಲ.

ಕೈಕಾಲು ಹಿಡಿದು ಇಬ್ಬರನ್ನೂ ಕರೆಸಿದ್ದೆ. ಸುಮನಾ ಯೂನಿಫಾರಂನಲ್ಲೇ ಬಂದಿದ್ದಳು. ಹಾಲೇಶ ಅವಳ ಕಡೆ ನೋಡದೆ ಡ್ರಮ್ಮಿಗೆ ಸ್ಕ್ರೂ ಬಿಗಿಯುತ್ತಿದ್ದ. ವನಜಾಕ್ಷಿ ಮೂಟೆ ಮೇಲೆ ಕುಳಿತು ಅವರೆ ಸುಲಿಯತೊಡಗಿದಳು. "ನುಡ್ಸ್ರಿ, ಕೇಳ್ತೀನಿ."

ನುಡಿಸಿದೆವು. ಆ ಜಾಗ. ನಿಂತೆವು. ಸುಮನಾ ಕೈಕಟ್ಟಿದಳು.

"ಯಾಕೆ ನಿಂತ್ರಿ?" ಅಂದಳು ತಂಗಿ.

"ಚಂದ್ರು ಗ್ಯಾಪು, ಅತ್ತೆ," ಅಂದ ಹಾಲೇಶ.

ಅವಳ ಕೈ ನಿಂತಿತು. "ನಾನ್ಯಾಕೆ ಬತ್ತಿರ್ಲಿಲ್ಲ ಗೊತ್ತೇನೋ ನಿಂಗೆ? ಇಲ್ಲಿ ಅವ್ನು ನಿಂತ್ರೆ ಮನೇಲಿ ನಂಗೆ ಉಸ್ರು ಕಟ್ಟದು. ಇವತ್ತು ತಿರುಗಿ ಹಾಡ್ತಾನೋ ಇಲ್ವೋ, ಎದ್ದು ಬತ್ತಾನೋ ಇಲ್ವೋ ಅಂತ. ಅದನ್ನ ನೀವು ಹಬ್ಬ ಮಾಡ್ಕಂಡಿದೀರಾ."

"ಹಂಗಲ್ಲ ಅತ್ತೆ—"

"ನನ್ ಮಗ ಉಸ್ರು ಸಾಲ್ದೆ ನಿಲ್ತಿದ್ದ. ಈ ಹುಡುಗಿಗೇನ್ ರೋಗ? ಬಾಯ್ ಬಿಟ್ರೆ ಬುಕ್ಕಾಂಬುಧಿ ಕೆರೆ ಆಚೆ ದಡಕ್ಕೆ ಕೇಳುತ್ತೆ. ಹಾಡಕ್ಕೆ ಬಿಡೋ ಅವ್ಳನ್ನ!"

ಮತ್ತೆ ಅವರೆ ಸುಲಿದಳು. ಸಿಪ್ಪೆ ಹಾಲೇಶನ ಡ್ರಮ್ಮಿನ ಹತ್ತಿರವೇ ಬೀಳುತ್ತಿತ್ತು. ಬೇಕಂತಲೇ ಎಸೆಯುತ್ತಿದ್ದಳೋ ಏನೋ.

ಹಾಲೇಶ ಕಾಲಿನಿಂದ ಸಿಪ್ಪೆ ಪಕ್ಕಕ್ಕೆ ತಳ್ಳಿ ಕಡ್ಡಿ ಎತ್ತಿಕೊಂಡ. ಆಮೇಲೆ, "ಮೊದ್ಲಿಂದ ತಗಳಮ್ಮಾ," ಅಂದ. ಸುಮನಾಗೇ ಹೇಳಿದ್ದು.

ಮೂರನೇ ಸಾಲಿಗೆ ನಿಲ್ಲದೆ ಹೋದೆವು. ಕುಂಟಿಕೊಂಡು, ಮುಗ್ಗರಿಸಿಕೊಂಡು, ಆದರೆ ಹೋದೆವು. "ಹುಲ್ಲಿಗ್ ಗೊತ್ತು, ಗೊರಸಿಗ್ ಗೊತ್ತು" — ಆ ಸಾಲು ಅಷ್ಟು ಹತ್ತಿರದಲ್ಲಿತ್ತೇ? ಇಷ್ಟು ವರ್ಷ ದೂರದಿಂದ ಬರುತ್ತಿತ್ತು.

ನವೆಂಬರ್ 17, ಭಾನುವಾರ

ಎರಡು ದಿನ ಪ್ರಾಕ್ಟೀಸ್. ಪ್ರಸನ್ನ ಅರ್ಧ ಸಲ ನಿಲ್ಲಿಸಿಬಿಡುತ್ತಾನೆ. "ಕೈ ತಾನೇ ನಿಂತ್ಕಳುತ್ತೆ ಮಾವ." ಬೈದೆ. ಹಾಲೇಶ ಒಮ್ಮೆ ನಿಲ್ಲಿಸಿದ. ಅವನಿಗೂ ಬೈದೆ. ಅಜ್ಜಂಪುರದಲ್ಲಿ ಯಾರಾದರೂ ನಿಲ್ಲಿಸಿದರೆ ವ್ಯಾನಿಗೆ ಹತ್ತಿಸುವುದಿಲ್ಲ, ನಡೆದು ಬನ್ನಿ ಅಂತ ಹೇಳಿದ್ದೇನೆ.

"ನಾನು ಟಿಕೆಟ್ ಕೊಡ್ತೀನಿ ಬಿಡಿ," ಅಂದಳು ಸುಮನಾ. ಹಾಲೇಶ ನಕ್ಕ. ಅವಳ ಮಾತಿಗೆ ಮೊದಲ ಸಲ.

ನವೆಂಬರ್ 25, ಸೋಮವಾರ

ನಿನ್ನೆ ಅಜ್ಜಂಪುರ.

ಮಾರ್ಕೆಟ್ ಬಯಲು. ಗಾಳಿಯಲ್ಲೆಲ್ಲ ಈರುಳ್ಳಿ ವಾಸನೆ. ಕೆಂಪು ಹಳದಿ ಬಾವುಟ. ಹೇಳಿದ ಹಾಗೆ ಭಾಷಣ ಇಲ್ಲ, ಫ್ಲೆಕ್ಸೂ ಇಲ್ಲ. ನಡುವೆ ಒಂದೇ ಮೈಕು, ಸುಮನಾಗೆ. ವನಜಾಕ್ಷಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸೆರಗು ಹೊದ್ದು, ಚಳಿಗೆ.

‘ಹೋರಿ’ ಶುರುವಾದದ್ದೇ ಜನ ಎದ್ದರು. ಹುಡುಗರಿಗೆ ಜಾಗ ಗೊತ್ತಲ್ಲ. "ಬೇಲಿ ಹಾಕಿದೋರ್ ಯಾರು ಕೇಳು" ಮುಗಿಯುತ್ತಿದ್ದ ಹಾಗೆ ಇಡೀ ಬಯಲು ನಮಗೆ ಬೆನ್ನು ಮಾಡಿತು. ಮುಷ್ಟಿ ಬಾಯಿಗೆ. ಸ್ಟೇಜಿನ ಮೇಲಿಂದ ಬರೀ ಬೆನ್ನು. ಅಷ್ಟು ಬೆನ್ನುಗಳ ಮುಂದೆ ಒಂದೇ ಮುಖ ನಮ್ಮ ಕಡೆ — ನನ್ನ ತಂಗಿಯದು.

ಸುಮನಾ ನಿಲ್ಲಲಿಲ್ಲ. "ಹುಲ್ಲಿಗ್ ಗೊತ್ತು!" ಬೆನ್ನುಗಳೆಲ್ಲ ಬೆಚ್ಚಿಬಿದ್ದವು. ಒಬ್ಬೊಬ್ಬರೇ ತಿರುಗಿದರು. ಏನೋ ಕಳೆದುಕೊಂಡವರ ಹಾಗೆ. ಆಮೇಲೆ ನಗು, ಕೇಕೆ. ಆಮೇಲೆ ಕುಣಿತ. ಕುಣಿದರು ಕಣೋ ಚಂದ್ರು! ಅಳಲಿಲ್ಲ.

ಹಾಲೇಶ ನಿಲ್ಲಿಸಲಿಲ್ಲ. ಪ್ರಸನ್ನ ನಿಲ್ಲಿಸಲಿಲ್ಲ.

ನಾನು ನಿಲ್ಲಿಸಿದೆ.

ಎಲ್ಲರಿಗೂ ಬೈದವನು. ಕೈ ತಂತಿಯ ಮೇಲೆ ಇತ್ತು, ಏಳಲಿಲ್ಲ. ಹಾಡು ನನ್ನನ್ನು ಬಿಟ್ಟು ಮುಂದಕ್ಕೆ ಹೋಯಿತು. ಬಾಸ್ ಇಲ್ಲದಿದ್ದರೆ ಜನಕ್ಕೆ ಏನು ಇಲ್ಲ ಅಂತ ಗೊತ್ತಾಗುವುದಿಲ್ಲ. ನಮಗೆ ನೆಲ ಕುಸಿದ ಹಾಗಾಗುತ್ತದೆ. ಹಾಲೇಶ ನನ್ನ ಕಡೆ ನೋಡಿದ. ನೋಡುತ್ತ ನನ್ನ ಪಾಲಿನದನ್ನೂ ಕಾಲಿನ ಡ್ರಮ್ಮಿನಲ್ಲಿ ಹೊಡೆದ, ಗಟ್ಟಿಯಾಗಿ, ನಾನು ಹತ್ತಿಕೊಳ್ಳುವವರೆಗೆ. ಆಮೇಲೆ ಕಣ್ಣು ಹೊಡೆದ.

ವ್ಯಾನಿನ ಹತ್ತಿರ ತಂಗಿ: "ನೀನೇ ನಿಲ್ಲಿಸ್ಬಿಟ್ಟಲ್ಲೋ ಅಣ್ಣಯ್ಯ."

"ಕೈ ಜೋಮು ಹಿಡೀತು ಕಣೇ."

"ಹ್ಞೂಂ. ಜೋಮು." ಸೆರಗಿನಿಂದ ನನ್ನ ಕೈ ಒರೆಸಿದಳು, ಚಿಕ್ಕ ಹುಡುಗರದನ್ನು ಒರೆಸುವ ಹಾಗೆ.

ಮೂರೂ ಜನ ವ್ಯಾನಿನ ಬಾಗಿಲು ಹಾಕಿಕೊಂಡು ನಗುತ್ತಿದ್ದರು. ನಡೆದು ಬಾ ಮಾವ, ನೀನೇ ಹೇಳಿದ್ದು ಅಂತ. ಸುಮನಾಳೂ ಮಾವ ಅಂದಳು.

ಡಿಸೆಂಬರ್ 1, ಭಾನುವಾರ, ಗೋಡೌನಿನಲ್ಲಿ

ಹೊಸ ಲೋಡ್ ಬಂದಿದೆ. ಮೂಟೆ ಸೂರಿನವರೆಗೆ. ಸದ್ದು ಮೆತ್ತಗಿದೆ.

ವೈರ್ ಬೆಸುಗೆ ಹಾಕಬೇಕಿತ್ತು, ಅದಕ್ಕೆ ಮೊದಲೇ ಬಂದೆ. ಕಬ್ಬಿಣ ಕಾಯುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಬಂದರು. ಹಾಲೇಶ ಕಡ್ಡಿಯಿಂದ ಮೂಟೆ ಕುಟ್ಟುತ್ತಿದ್ದಾನೆ. ‘ಬಾ ಮಾವ, ಇವತ್ತು ನಿಂಗೇ ಪ್ರಾಕ್ಟೀಸು, ನಮ್ಗಲ್ಲ.’ ಆಗಲಿ, ಬೈಸಿಕೊಳ್ಳುವ ಸರದಿ ನನ್ನದು.

ಚಂದ್ರು, ಸಿಟ್ಟು ಯಾರ ಮೇಲೆ ಅಂತ ಈಗ ಗೊತ್ತು, ಬಿಟ್ಟು ಹೋದ ನಿನ್ನ ಮೇಲೆ. ಇರಲಿ ಬಿಡು. ಮನೆಯಲ್ಲಿ ಒಬ್ಬನೇ ನುಡಿಸಿದರೆ ನಿಲ್ಲುವುದಿಲ್ಲ. ಇವರ ಜೊತೆ, ಅವಳು ಎರಡನೇ ಸಾಲು ಮುಗಿಸಿದಾಗ, ಪಕ್ಕದಲ್ಲಿ ನೀನು ತಿರುಗುತ್ತೀಯ ಅಂತ ಕೈ ಕಾಯುತ್ತದೆ. ಇವತ್ತು ಆ ಜಾಗ ಬಂದರೆ ಹಾಲೇಶನ ಕಾಲು ನೋಡಿಕೊಂಡು, ಕೈಯನ್ನು ನಿಲ್ಲಿಸದೆ ದಾಟಿಸಬೇಕು. ಕರೆಯುತ್ತಿದ್ದಾರೆ, ಹೊರಟೆ.